ಕಾರ್ಮಿನ್ ಬಾಯಿಯ ಕತ್ತರಿ

ಕಾರ್ಮಿನ್ ಬಾಯಿ ಮಸ್ಕತ್ತಿನಲ್ಲಿ ವಿಮಾನ ಇಳಿದದ್ದು ೧೯೯೪ನೇ ಇಸವಿ ಜೂನ್ ಆರು, ಸೋಮವಾರ. ಯಾರಾದರೂ ಮಾತಿಗೆ ಮಾತು ಅಂತ "ಎಷ್ಟು ವರ್ಷ ಆಯ್ತು ಬಾಯಮ್ಮ ಇಲ್ಲಿ?" ಎಂದು ಕೇಳಿದರೆ ವರ್ಷ, ತಿಂಗಳು, ಮೇಲೆ ಉಳಿದ ದಿನ, ಎಲ್ಲವನ್ನೂ ಸೇರಿಸಿ ಹೇಳುತ್ತಿದ್ದರು. ಕೇಳಿದವರು ಅಷ್ಟು ಹೊತ್ತಿಗೆ ಬಸ್ಸು ಹತ್ತಿಯಾಗಿರುತ್ತಿತ್ತು.

ಅವರು ಬಂದದ್ದು ಅಲ್ ಮಬೇಲಾದ ಒಂದು ಕಂಪೆನಿಗೆ. ಎಣ್ಣೆ ಬಾವಿಗಳಿಗೆ ಕೊಳವೆ ಒದಗಿಸುವ ಕಂಪೆನಿ. ಕೆಲಸಗಾರರ ಕೈಕಾಲು ಜಜ್ಜಿದರೆ ಹೊಲಿಯುವುದಕ್ಕೆ ಅಂಗಳದಲ್ಲೇ ಒಂದು ಕ್ಲಿನಿಕ್ಕು ಇತ್ತು. ಬಾಯಿ ಅಲ್ಲಿ ಹೆಲ್ಪರ್. ನಾಲ್ಕನೇ ಕ್ಲಾಸು ಓದಿದವರಿಗೆ ನರ್ಸಿನ ಕೆಲಸ ಯಾರು ಕೊಡುತ್ತಾರೆ? ಕತ್ತರಿ, ಚಿಮುಟ, ಸ್ಟೀಲಿನ ಟ್ರೇ ತೊಳೆಯುವುದು, ಕುದಿಸುವುದು, ಡೆಟಾಲಿನಲ್ಲಿ ಅದ್ದಿ ಒರೆಸಿ ಇಡುವುದು, ಇಷ್ಟೇ. ಆದರೆ ಇಪ್ಪತ್ತೊಂದೂವರೆ ವರ್ಷದಲ್ಲಿ ಬಾಯಿ ತೊಳೆದ ಕತ್ತರಿಯಿಂದ ಒಬ್ಬನ ಗಾಯವೂ ಕೀವಾದದ್ದಿಲ್ಲ. ಒಬ್ಬನ ಮೈಗೆ ತಾಗಿದ ಕತ್ತರಿ ಡೆಟಾಲು ಕಾಣದೆ ಇನ್ನೊಬ್ಬನ ಮೈಗೆ ತಾಗಬಾರದು. ಇದನ್ನು ಅವರಿಗೆ ಯಾರೂ ಎರಡು ಸಲ ಹೇಳಿರಲಿಲ್ಲ.

ಬಾಯಿಗೆ ಒಂದೇ ಒಂದು ಆಸೆ ಇತ್ತು. ಅವರ ಊರಿನ ಇಗರ್ಜಿಯಲ್ಲಿ ವರ್ಷದ ಹಬ್ಬದ ದಿನ, ಪರದೇಶದಲ್ಲಿ ಇಪ್ಪತ್ತೈದು ವರ್ಷ ದುಡಿದು ಬಂದವರನ್ನು ಮೆರವಣಿಗೆಯ ಮುಂದೆ ಮೋಂಬತ್ತಿ ಕೊಟ್ಟು ನಡೆಸುತ್ತಾರೆ. ನಾದಿನಿ ಜುಲಿಯಾನಾಳ ಗಂಡ ಕುವೈತಿನ ಲೆಕ್ಕದಲ್ಲಿ ಹಾಗೆ ನಡೆದಾಗಿತ್ತು. ಬಾಯಿಯ ಗಂಡ ತೀರಿಹೋದ ವರ್ಷ, ಬಾಯಿ ಪಾಸ್‌ಪೋರ್ಟಿಗೆ ಫೋಟೊ ಹೊಡೆಸಿಕೊಂಡು ಬಂದಾಗ ಈ ಜುಲಿಯಾನಾಳೇ ಹೊಸ್ತಿಲಲ್ಲಿ ನಿಂತು, "ನೀನು ಆರು ತಿಂಗಳು ನಿಲ್ಲಲಿಕ್ಕಿಲ್ಲ ಬಿಡು" ಎಂದಿದ್ದಳು. ಆರು ತಿಂಗಳು ಹೋಗಿ ಇಪ್ಪತ್ತೊಂದೂವರೆ ವರ್ಷವಾಗಿತ್ತು. ಇನ್ನು ಮೂರೂವರೆ ವರ್ಷ ಹೇಗಾದರೂ ದಾಟಿದರೆ ಬಾಯಿಯ ಕೈಯಲ್ಲೂ ಮೋಂಬತ್ತಿ.

ಆಗ ಎಣ್ಣೆಯ ಬೆಲೆ ಬಿತ್ತು.

ನೂರು ಡಾಲರಿನ ಪೀಪಾಯಿ ಮೂವತ್ತಕ್ಕೆ ಬಂತೆಂದು ಪೇಪರಿನಲ್ಲಿ ಬಂತು. ಕಂಪೆನಿ ಮೊದಲು ಪೇಪರನ್ನು ನಿಲ್ಲಿಸಿತು. ಆಮೇಲೆ ಚಹಾದ ಜೊತೆ ಬಿಸ್ಕೀಟು ನಿಂತಿತು. ಆಮೇಲೆ ಕ್ಲಿನಿಕ್ಕು. ಕೊಳವೆಗೇ ಗಿರಾಕಿ ಇಲ್ಲದ ಮೇಲೆ ಕೈ ಜಜ್ಜಿಸಿಕೊಳ್ಳುವವರು ಯಾರು ಎಂಬುದು ಖರ್ಚು ಕಡಿತದ ಸಾಹೇಬರಾದ ವಿನಯ್ ಅವರ ವಾದ. ಬೆಂಗಳೂರಿನವರು, ತೆಳ್ಳಗೆ, ಕೂದಲಿಗೆ ಜೆಲ್ಲು. ಅವರು ಬಂದ ತಿಂಗಳಲ್ಲೇ ಒಂದು ಸುತ್ತೋಲೆ ಹೊರಟಿತು: ಇನ್ನು ಮೇಲೆ ಆಫೀಸಿನಲ್ಲಿ ನಷ್ಟ, ಕಡಿತ, ಕಾಯಿಲೆ, ರೋಗ ಮುಂತಾದ ಕುಗ್ಗಿಸುವ ಶಬ್ದಗಳನ್ನು ಬಳಸಬಾರದು. ಅವುಗಳ ಬದಲು "ಚಾಲೆಂಜ್" ಎನ್ನಬೇಕು. ಆ ವಾರವೇ ನಲವತ್ತೊಂದು ಜನ ಚಾಲೆಂಜ್ ಆಗಿ ಊರಿಗೆ ಹೋದರು.

ಕಂಪೆನಿಯ ಧಣಿ ಶೇಖ್ ಖಲ್ಫಾನ್ ಒಳ್ಳೆಯವರೇ. ಅವರು ಯಾವುದೋ ಸಭೆಯಲ್ಲಿ "ಎಣ್ಣೆ ಮುಗಿದ ಮೇಲೆ ಅನ್ನ" ಎಂದು ಕೇಳಿಕೊಂಡು ಬಂದರು. ಸರಿ, ಕೊಳವೆಯ ಒಂದು ದೊಡ್ಡ ಶೆಡ್ಡಿಗೆ ಗಾಜು ಕೂರಿಸಿ, ಹನ್ನೆರಡು ಎ.ಸಿ. ಹಾಕಿ, ಗಿಡಮನೆ ಮಾಡಿದರು. ಹೊರಗೆ ನಲವತ್ತಾರು ಡಿಗ್ರಿ ಬಿಸಿಲು, ಒಳಗೆ ಭತ್ತ. ಇದರ ಮುಖ್ಯಸ್ಥರು ಡಾಕ್ಟರ್ ದೊರೆಸ್ವಾಮಿ. ಮೈಸೂರಿನವರು, ಕೊಳವೆಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳುವ ವಿಭಾಗದಲ್ಲಿ ಹದಿನೇಳು ವರ್ಷ ಇದ್ದವರು.

"ತುಕ್ಕು ತಡಿಯೋದೂ ಒಂದೇ, ಭತ್ತಕ್ಕೆ ರೋಗ ತಡಿಯೋದೂ ಒಂದೇ ಕಣಮ್ಮ, ತತ್ವ ಒಂದೇ," ಎಂದು ಅವರು ಬಾಯಿಗೆ ಹೇಳಿದರು. ಆಮೇಲೆ ಸುತ್ತಲೂ ನೋಡಿ, "ಚಾಲೆಂಜ್ ತಡಿಯೋದು," ಎಂದು ತಿದ್ದಿದರು.

ಭತ್ತ ನಿಜವಾಗಿ ಗೊತ್ತಿದ್ದದ್ದು ಹಿತಾಗೆ. ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಗಿಡಗಳ ರೋಗವನ್ನೇ ಓದಿದವಳು. ನೀರು, ಎ.ಸಿ., ಗೊಬ್ಬರಕ್ಕೆ ಬ್ರಹ್ಮಾವರದ ಕಡೆಯ ಕೊಗ್ಗ. ಗುಡಿಸುವುದಕ್ಕೆ, ಒರೆಸುವುದಕ್ಕೆ, ಮತ್ತೆ ಯಾರು ಏನು ಹೇಳಿದರೂ ಅದಕ್ಕೆ, ಕ್ಲಿನಿಕ್ಕು ಮುಚ್ಚಿದ ಮೇಲೆ ಇಲ್ಲಿಗೆ ಹಾಕಿದ್ದ ಕಾರ್ಮಿನ್ ಬಾಯಿ. ಬಾಯಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ದೊರೆಸ್ವಾಮಿಯವರ ಟಿಫಿನ್ ಡಬ್ಬಿ ಬಿಸಿ ಮಾಡುವುದು, ವಿನಯ್ ಸಾಹೇಬರ ಅಂಗಿಗೆ ಗುಂಡಿ ಹಾಕುವುದು, ಯಾರಿಗೋ ತಲೆನೋವೆಂದರೆ ಶುಂಠಿ ಕಾಯಿಸುವುದು, ಎಲ್ಲ ಅವರ ತಲೆಗೇ.

"ಬಾಯಮ್ಮ, ನಿಮ್ಮದು ಬಾಗಿಲಿಲ್ಲದ ಮನೆ," ಎನ್ನುತ್ತಿದ್ದ ಕೊಗ್ಗ.

"ನೀನು ದಿನಾ ಆ ಮನೆಯ ಚಾ ಕುಡಿತಿಯಲ್ಲ ಮಾರಾಯ, ಅದಕ್ಕೆಂತ ಹೇಳ್ತಿ?"

"ಅದಕ್ಕೇ ಗೊತ್ತಾದದ್ದು ಮತ್ತೆ!"

ಗಿಡಮನೆಯಲ್ಲಿ ಇನ್ನೂರ ಅರವತ್ತು ಕುಂಡ. ಇನ್ನೂರ ನಲವತ್ತರಲ್ಲಿ ಹೊರದೇಶದ ಪ್ರಯೋಗಾಲಯದಿಂದ ತರಿಸಿದ ಹೊಸ ಭತ್ತ, ಎಲೆ ಅಂಗಮಾರಿ ರೋಗ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದು. ಉಳಿದ ಇಪ್ಪತ್ತರಲ್ಲಿ ಹಳೆ ಭತ್ತ, ರೋಗ ಖಂಡಿತ ಬರುವಂಥದ್ದು. ಹೊಸದು ಗೆದ್ದರೆ ಶೇಖ್ ಖಲ್ಫಾನರು ಗಿಡಮನೆಯನ್ನು ಇನ್ನಷ್ಟು ವರ್ಷ ನಡೆಸುತ್ತಾರೆ. ಸೋತರೆ ಗಾಜು ಬಿಚ್ಚಿ ಮಾರುತ್ತಾರೆ, ನಾಲ್ಕು ಜನರಿಗೂ ಟಿಕೇಟು. ಇದು ಎಲ್ಲರಿಗೂ ಗೊತ್ತಿತ್ತು. ಬಾಯಿ ಮಾತ್ರ ಕುಂಡಗಳ ನಡುವೆ ನೆಲ ಒರೆಸುವಾಗ ಮೋಂಬತ್ತಿಯನ್ನು ನೆನೆಸಿಕೊಳ್ಳುತ್ತಿದ್ದರು.

ಜುಲೈ ಕೊನೆಗೆ ವಿನಯ್ ಸಾಹೇಬರು ಪ್ಯಾಡು ಹಿಡಿದುಕೊಂಡು ತಪಾಸಣೆಗೆ ಬಂದರು.

"ಈ ಇಪ್ಪತ್ತು ಯಾಕೆ ಬೇರೆ ಇಟ್ಟಿದ್ದೀರಿ?"

"ಅದು ಕಂಟ್ರೋಲ್ ಸರ್," ಎಂದಳು ಹಿತಾ. "ಚಾಲೆಂಜ್ ಬರೋ ಜಾತಿ. ಇದಕ್ಕೆ ಬಂದು ಅದಕ್ಕೆ ಬರ್ಲಿಲ್ಲ ಅಂದ್ರೆ ತಾನೇ ಹೊಸದು ಗೆದ್ದಿದೆ ಅಂತ ಗೊತ್ತಾಗೋದು?"

"ಅಂದ್ರೆ ಇವು ಹಾಳಾಗ್ಲಿ ಅಂತ್ಲೇ ಬೆಳೆಸ್ತಿದ್ದೀರಾ?"

"ಒಂಥರಾ ಹಾಗೇ ಸರ್."

"ಎ.ಸಿ. ಹಾಕಿ? ಸಿಹಿನೀರು ಹಾಕಿ?" ವಿನಯ್ ಅವರಿಗೆ ನಿಜವಾಗಿಯೂ ನೋವಾಯಿತು. "ಆಫೀಸಲ್ಲಿ ಕೆಲಸ ಮಾಡೋರನ್ನೇ ಕಳಿಸ್ತಿದ್ದೀವಿ. ಇಲ್ಲಿ ನೋಡಿದ್ರೆ ಕೆಲಸಕ್ಕೆ ಬಾರದೇ ಇರೋದೇ ಕೆಲಸ ಅನ್ನೋ ಇಪ್ಪತ್ತು ಜನ ಕೂತಿದ್ದಾರೆ. ತೆಗೀರಿ."

ಹಿತಾ ದೊರೆಸ್ವಾಮಿಯವರ ಮುಖ ನೋಡಿದಳು. ಅವರು ಛಾವಣಿ ನೋಡುತ್ತಿದ್ದರು.

ಬಿಸಾಡುವ ಕೆಲಸ ಬಾಯಿಗೇ ಬಂತು. ಹತ್ತೊಂಬತ್ತು ಕುಂಡಗಳನ್ನು ಹಿಂದಿನ ಗುಂಡಿಗೆ ಸುರಿದರು. ಇಪ್ಪತ್ತನೆಯದು ತೆಂಡೆ ಒಡೆದು ಹದಿನಾಲ್ಕು ಕವಲಾಗಿತ್ತು. ಬಾಯಿಯದು ಚಿಕ್ಕಂದಿನಲ್ಲಿ ಗದ್ದೆಯಲ್ಲಿ ನೇಜಿ ನೆಟ್ಟ ಕೈ, ಬಿಸಾಡಲು ಏಳಲಿಲ್ಲ. ಗಿಡಮನೆಯ ಹಿಂದೆ ಎ.ಸಿ. ನೀರು ತೊಟ್ಟಿಕ್ಕುವ ಕಡೆ ಬಾಯಿಯ ಬಸಳೆ ಬಳ್ಳಿ, ಒಂದು ಕರಿಬೇವು ಇದ್ದವು. ಅವುಗಳ ನಡುವೆ, ಬಿಸಿಲಿಗೆ ಕಟ್ಟಿದ ಹೊದಿಕೆಯ ನೆರಳಿನಲ್ಲಿ ಕುಂಡ ಇಟ್ಟರು.

"ವಿನಯ್ ಸಾಹೇಬ್ರು ನೋಡಿದ್ರೆ?" ಕೊಗ್ಗ ಕೇಳಿದ.

"ಹುಲ್ಲು ಅಂತ ಹೇಳ್ತೇನೆ. ಅವರಿಗೆ ಎಂತ ಗೊತ್ತುಂಟು."

ಆಗಸ್ಟ್ ಒಂದರಿಂದ ನಾಲ್ಕು ದಿನ ಕತ್ತರಿ ಹಾಕುವುದಿತ್ತು. ಭತ್ತಕ್ಕೆ ಈ ರೋಗ ತಾಗಿಸಿ ನೋಡುವ ವಿಧಾನ ಬಹಳ ಸರಳ. ರೋಗಾಣು ಕಲಸಿದ ನೀರಿನಲ್ಲಿ ಕತ್ತರಿ ಅದ್ದಬೇಕು, ಎಲೆಯ ತುದಿಯನ್ನು ಎರಡು ಬೆರಳಿನಷ್ಟು ಕತ್ತರಿಸಬೇಕು, ಹದಿನಾಲ್ಕು ದಿನ ಬಿಟ್ಟು ಎಲೆ ಎಷ್ಟು ದೂರ ಒಣಗಿದೆ ಎಂದು ಅಳೆಯಬೇಕು. ಹಿತಾ ತಾನೇ ಮಾಡುವವಳು. ಆದರೆ ಆ ನಾಲ್ಕು ದಿನ ದೊರೆಸ್ವಾಮಿಯವರು ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಗೆದ್ದ ಮೇಲೆ ತೋರಿಸಬೇಕಾದ ಚಿತ್ರಗಳನ್ನು ಮಾಡಿಸುತ್ತಿದ್ದರು. ಅವಳು ಓಡಿಬಂದು, ಮಜ್ಜಿಗೆಯ ತಿಳಿಯಂಥ ಹಳದಿ ನೀರಿನ ಬಾಟಲಿಯನ್ನು ಬಾಯಿಯ ಕೈಗೆ ಕೊಟ್ಟಳು.

"ಆಂಟಿ, ಇದು ಚಾಲೆಂಜ್. ಬೌಲ್‌ಗೆ ಹಾಕ್ಕೊಳ್ಳಿ, ಕತ್ತರಿ ಅದ್ದಿ, ತುದಿ ಕಟ್ ಮಾಡಿ. ಪ್ರತಿ ಎಲೆಗೂ ಮತ್ತೆ ಅದ್ಬೇಕು. ಗಿಡಕ್ಕೆ ಐದು ಎಲೆ. ಪ್ಲೀಸ್."

ಬಾಟಲಿಯ ಮೇಲೆ ಒಂದು ನಂಬರು ಮಾತ್ರ ಇತ್ತು. ರೋಗ ಎಂಬ ಶಬ್ದ ಬರೆಯುವಂತಿರಲಿಲ್ಲವಲ್ಲ. ಬಾಯಿ ಅದನ್ನು ಏನೋ ಗಿಡದ ಔಷಧಿ ಎಂದುಕೊಂಡರು. ನಾಲ್ಕು ದಿನ, ದಿನಕ್ಕೆ ಅರವತ್ತು ಗಿಡ, ಮುನ್ನೂರು ಎಲೆ. ಒಂದು ಎಲೆಯನ್ನೂ ಬಿಡಲಿಲ್ಲ.

ಹದಿನಾಲ್ಕು ದಿನ ಕಳೆದು ನೋಡಿದರೆ ಇನ್ನೂರ ನಲವತ್ತು ಗಿಡವೂ ಹಸಿರು. ಕತ್ತರಿಸಿದ ಅಂಚು ಬಿಟ್ಟರೆ ಒಂದು ಚುಕ್ಕೆ ಇಲ್ಲ. ದೊರೆಸ್ವಾಮಿಯವರು ಮಸ್ಕತ್ತಿನ ರೂವಿ ಪೇಟೆಯಿಂದ ಕೇಕು ತರಿಸಿದರು. ಕೇಕಿನ ಮೇಲೆ ಕ್ರೀಮಿನಲ್ಲಿ ಒಂದು ದೊಡ್ಡ ಸೊನ್ನೆ ಬರೆಸಿದ್ದರು. ಕೇಕಿನ ಅಂಗಡಿಯವನು ಹುಟ್ಟುಹಬ್ಬ ಯಾರದು, ಪಕ್ಕದ ಅಂಕಿ ಬಿಟ್ಟುಹೋಗಿದೆಯೇ ಎಂದು ಎರಡು ಸಲ ಫೋನು ಮಾಡಿ ಕೇಳಿದನಂತೆ.

"ಪ್ರಪಂಚದಲ್ಲಿ ಎಲ್ಲೂ ಸೊನ್ನೆ ಬಂದಿಲ್ಲ ಕಣ್ರೀ! ಮಬೇಲಾದಲ್ಲಿ ಬಂತು!" ಎಂದರು ದೊರೆಸ್ವಾಮಿ.

ಬಕ್ರೀದಿಗೆ ಮುಂಚೆ, ಸೆಪ್ಟೆಂಬರ್ ಎಂಟರ ಗುರುವಾರ, ಶೇಖ್ ಖಲ್ಫಾನರ ಮುದಿ ತಂದೆಯವರೇ ಬಂದು ಗಿಡಮನೆ ನೋಡುತ್ತಾರೆ ಎಂದು ಗೊತ್ತಾಯಿತು. ದೊಡ್ಡ ಅರ್ಬಾಬ್, ಅಂದರೆ ದೊಡ್ಡ ಧಣಿ, ಎಂದೇ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು. ಎಂಬತ್ತರ ಮೇಲಿನವರು, ಖರ್ಜೂರದ ತೋಟ ಮಾಡಿದವರು. ಅವರು ಹೂಂ ಎಂದರೆ ಗಿಡಮನೆ ಉಳಿಯಿತು. ಬಾಯಿ ಅಂದು ರೂಮಿಗೆ ಹೋಗಿ ಕ್ಯಾಲೆಂಡರಿನಲ್ಲಿ ಮೂರು ವರ್ಷದ ಲೆಕ್ಕ ಹಾಕಿ ನಿದ್ದೆ ಮಾಡಿದರು.

ಕೇಕು ತಿನ್ನದೆ ಕೂತವಳು ಹಿತಾ ಒಬ್ಬಳೇ. ಒಂದು ವಾರ ಅವಳು ಕುಂಡಗಳ ನಡುವೆ ಕೈ ಕಟ್ಟಿಕೊಂಡು ತಿರುಗಿದಳು. ಆಗಸ್ಟ್ ಇಪ್ಪತ್ತೆರಡು, ಸೋಮವಾರ, ಬಾಯಿ ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಬಂದು ಎದುರು ಕೂತಳು.

"ಆಂಟಿ, ಎಂಥಾ ಗಟ್ಟಿ ಗಿಡ ಆದ್ರೂ ಒಂದೆರಡು ಸೆಂಟಿಮೀಟರ್ ಒಣಗ್ಬೇಕು. ಸೊನ್ನೆ ಹೇಗೆ ಬರುತ್ತೆ? ನೀವು ಹೇಗೆ ಕಟ್ ಮಾಡಿದ್ರಿ, ಒಂದ್ಸಲ ತೋರಿಸ್ತೀರಾ?"

ಬಾಯಿ ಡಬ್ಬಿ ಮುಚ್ಚಿ ಎದ್ದರು. ಟ್ರೇ ತಂದರು. ಬೌಲಿನಲ್ಲಿ ನೀರು ಹಾಕಿದರು. ಕತ್ತರಿ ಅದ್ದಿದರು. ಆಮೇಲೆ ಪಕ್ಕದ ಇನ್ನೊಂದು ಬಟ್ಟಲಲ್ಲಿ ಅದ್ದಿದರು, ಬಿಳಿ ಬಟ್ಟೆಯಲ್ಲಿ ಎರಡೂ ಕಡೆ ಒರೆಸಿದರು, ಆಮೇಲೆ ಎಲೆ ಹಿಡಿದು ಕತ್ತರಿಸುವ ಹಾಗೆ ಮಾಡಿದರು.

"ಈ ಎರಡನೇ ಬಟ್ಟಲು ಏನದು ಆಂಟಿ?"

"ಡೆಟಾಲ್ ಅಲ್ವಾ ಮಗ. ಡೆಟಾಲಿಗೆ ಹಾಕದೆ ಹೇಗೆ ಕತ್ತರಿಸುದು?"

ಹಿತಾ ಕುಂಡಗಳ ಮಧ್ಯೆ ನೆಲದ ಮೇಲೆ ಕೂತುಬಿಟ್ಟಳು. ಅಳುತ್ತಾಳೆ ಎಂದು ಬಾಯಿ ಹತ್ತಿರ ಹೋದರು. ಅವಳು ನಗುತ್ತಿದ್ದಳು. ನಗು ನಿಂತ ಮೇಲೆ ಕಣ್ಣಲ್ಲಿ ನೀರು ಬಂತು.

"ಎಲ್ಲಾ ಸಲ?"

"ಸಾವಿರದ ಇನ್ನೂರು ಸಲ," ಎಂದರು ಬಾಯಿ. ಆ ಲೆಕ್ಕದಲ್ಲಿ ಅವರಿಗೆ ಇನ್ನೂ ಸ್ವಲ್ಪ ಹೆಮ್ಮೆ ಇತ್ತು.

ಹಿತಾ ಆಗ ಸುತ್ತೋಲೆಯನ್ನು ಬದಿಗಿಟ್ಟು ರೋಗ ಎಂಬ ಶಬ್ದವನ್ನೇ ಬಳಸಿ ಹೇಳಿದಳು. ಗಿಡ ಎಲೆಯಲ್ಲಿ ಸಕ್ಕರೆ ಮಾಡುತ್ತದೆ. ಆ ಸಕ್ಕರೆಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಡುವುದಕ್ಕೆ ಅದರ ಮೈಯೊಳಗೆ ಸಣ್ಣ ಬಾಗಿಲುಗಳು. ಬಾಗಿಲು ಯಾವಾಗ ಮಾಡಬೇಕು, ಎಷ್ಟು ಮಾಡಬೇಕು ಎನ್ನುವುದು ಒಂದು ಜೀನಿನಲ್ಲಿ ಬರೆದಿರುತ್ತದೆ. ಈ ರೋಗಾಣು ಬಹಳ ಜಾಣ. ಗಾಯದಿಂದ ಒಳಗೆ ಬರುತ್ತದೆ, ಒಂದು ಕೀಲಿಕೈ ಹಾಕಿ ಆ ಜೀನನ್ನೇ ತಿರುಗಿಸುತ್ತದೆ. ಗಿಡಕ್ಕೆ ಮೋಸ ಗೊತ್ತಾಗುವುದಿಲ್ಲ. ತಾನೇ ಬಾಗಿಲು ತೆರೆದು, ತಾನೇ ಸಕ್ಕರೆ ಬಡಿಸಿ, ತನ್ನನ್ನು ಒಣಗಿಸುವವನನ್ನು ಸಾಕುತ್ತದೆ.

"ಅಂದ್ರೆ ರೋಗ ಬರುದು ಗಿಡಕ್ಕೆ ಎಂತದೋ ಕಮ್ಮಿ ಇದ್ದು ಅಲ್ಲ?" ಬಾಯಿ ನಿಧಾನಕ್ಕೆ ಕೇಳಿದರು. "ಅದಕ್ಕೆ ಬೇಡ ಅನ್ಲಿಕ್ಕೆ ಬರುದಿಲ್ಲ, ಅದಕ್ಕೆ."

"ಹಾಂ! ಕರೆಕ್ಟ್ ಆಂಟಿ. ನಮ್ಮ ಹೊಸ ಭತ್ತದಲ್ಲಿ ಕೀಲಿಕೈ ಕೂರೋ ಜಾಗವನ್ನು ಮಾತ್ರ ಸ್ವಲ್ಪ ಬದಲಾಯಿಸಿದ್ದಾರೆ. ಬಾಗಿಲು ಇದೆ, ಗಿಡಕ್ಕೆ ಬೇಕಾದಾಗ ತೆರೆಯುತ್ತೆ. ಕಳ್ಳನ ಕೀ ತಿರುಗಲ್ಲ. ಅದು ನಿಜಾನಾ ಅಂತ ನೋಡೋಕೆ ತಾನೇ ಕತ್ತರಿ ಹಾಕಿದ್ದು. ಕಳ್ಳನನ್ನ ನೀವು ಬಾಗಿಲ ಹೊರಗೇ ಡೆಟಾಲ್‌ನಲ್ಲಿ ಮುಳುಗಿಸಿಬಿಟ್ರಿ."

ಬಾಯಿ ಊಟ ಮಾಡಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವರ ಕೈಯಿಂದ ಆದ ಮೊದಲ ತಪ್ಪು, ಮತ್ತು ಅದು ತೊಳೆದದ್ದರಿಂದ ಆದದ್ದು. ಸತ್ಯ ಹೊರಗೆ ಬಂದರೆ ಮೊದಲು ಹೋಗುವ ತಲೆ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೇಳದಿದ್ದರೆ ಹಿತಾ ಸುಳ್ಳು ರಿಪೋರ್ಟಿಗೆ ರುಜು ಹಾಕಬೇಕು.

"ನಡಿ, ಸಾಹೇಬ್ರಿಗೆ ಹೇಳುವ," ಎಂದರು.

ದೊರೆಸ್ವಾಮಿಯವರು ಕಣ್ಣು ಮುಚ್ಚಿಕೊಂಡು ಎಲ್ಲವನ್ನೂ ಕೇಳಿದರು. ಕೇಳಿ ಮುಗಿದ ಮೇಲೆ ಬಾಗಿಲು ಹಾಕಿಸಿದರು.

"ಕಾರ್ಮಿನಮ್ಮ, ನೀವು ತೊಳೆದಿರಿ. ತೊಳೆಯೋದು ತಪ್ಪಾ? ಸ್ವಚ್ಛತೆ ತಪ್ಪು ಅಂತ ಯಾವ ಪುಸ್ತಕದಲ್ಲಿದೆ?"

"ಸರ್, ರೋಗಾನೇ ತಾಗಿಲ್ಲ ಗಿಡಕ್ಕೆ," ಎಂದಳು ಹಿತಾ.

"ತಾಗಿಲ್ಲ ಅಂದ್ಮೇಲೆ ಬಂದಿಲ್ಲ. ಬಂದಿಲ್ಲ ಅಂದ್ಮೇಲೆ ಸೊನ್ನೆ. ನಾನು ಹೇಳಿದ್ದೂ ಅಷ್ಟೇ ತಾನೇ? ನೋಡಮ್ಮ, ಧಣಿಗಳಿಗೆ ಸೊನ್ನೆ ಅಂತ ಹೋಗಿದೆ. ಸೊನ್ನೆಯಿಂದ ಕೆಳಗೆ ಇಳಿಯಕ್ಕಾಗಲ್ಲ, ಮೇಲೆ ಹತ್ತಿದರೆ ಬೀಳ್ತೀವಿ. ಹಬ್ಬ ಮುಗೀಲಿ. ಖಲಾಸ್."

ಹೊರಗೆ ಬಂದ ಮೇಲೆ ಬಾಯಿ ಕೇಳಿದರು, "ಮಗ, ಆ ಹಳದಿ ನೀರು ಇನ್ನೂ ಉಂಟಾ?"

"ಹೊಸದಾಗಿ ಮಾಡ್ಬೇಕು. ಮಾಡಿದ್ರೂ ಏನು ಆಂಟಿ, ರೋಗ ಬರೋ ಗಿಡವೇ ಒಂದೂ ಇಲ್ವಲ್ಲ. ಎಲ್ಲಾ ಬಿಸಾಕಿದ್ವಿ."

"ಎಲ್ಲಾ ಇಲ್ಲ," ಎಂದರು ಬಾಯಿ, ಮತ್ತು ಅವಳನ್ನು ಬಸಳೆ ಬಳ್ಳಿಯ ಹತ್ತಿರ ಕರೆದುಕೊಂಡು ಹೋದರು.

ಮರುದಿನ ಮಂಗಳವಾರ, ಆಗಸ್ಟ್ ಇಪ್ಪತ್ತಮೂರು. ಹಳೆ ಭತ್ತದ ಒಂದು ಕುಂಡ, ಹೊಸದರ ಆರು ಕುಂಡ, ಏಳನ್ನೂ ಗಿಡಮನೆಯ ಮೂಲೆಯಲ್ಲಿ ಪರದೆಯ ಹಿಂದೆ ಇಟ್ಟರು. ಗುರುವಾರ ದೊಡ್ಡ ಅರ್ಬಾಬ್ ಬರುವುದಕ್ಕೆ ಸರಿಯಾಗಿ ಎರಡು ದಿನ ಮುಂಚೆ ಹದಿನಾಲ್ಕು ದಿನ ತುಂಬುತ್ತಿತ್ತು. ಹಿತಾ ಕತ್ತರಿಗೆ ಕೈ ಚಾಚಿದಳು. ಬಾಯಿ ಕೊಡಲಿಲ್ಲ.

"ನಾನು ಹಾಳು ಮಾಡಿದ್ದು. ನಾನೇ ಮಾಡ್ತೇನೆ."

ಮಾಡುವುದು ಸುಲಭವಿರಲಿಲ್ಲ. ಹಳದಿ ನೀರಿನಲ್ಲಿ ಅದ್ದಿದ ಕತ್ತರಿ ಎಲೆಯ ಹತ್ತಿರ ಹೋಗುವ ಬದಲು ತಾನಾಗಿಯೇ ಎಡಗಡೆಗೆ ತಿರುಗುತ್ತಿತ್ತು. ಅಲ್ಲಿ ಡೆಟಾಲಿನ ಬಟ್ಟಲು ಇರಲಿಲ್ಲ, ಆದರೂ ತಿರುಗುತ್ತಿತ್ತು. ಮೂರನೇ ಸಲ ಹೀಗಾದಾಗ ಬಾಯಿ ಕೊಗ್ಗನನ್ನು ಕರೆದರು.

"ಕೊಗ್ಗ, ನನ್ನ ಎಡಗಡೆ ಬಂದು ನಿಲ್ಲು. ಕೈ ಬಂದ್ರೆ ಹೊಡಿ."

"ಎಂತ ಬಾಯಮ್ಮ, ಇಪ್ಪತ್ತೆರಡು ವರ್ಷ ಪಳಗಿದ ಕೈಗೆ ನಾನು ಹೊಡಿಯುದಾ?"

"ಹೊಡಿ ಮಾರಾಯ. ಸರಿಯಾಗಿ ಹೊಡಿ."

ಮೂವತ್ತೈದು ಎಲೆ. ಕೊಗ್ಗ ನಾಲ್ಕು ಸಲ ಹೊಡೆದ. ಮುಗಿದ ಮೇಲೆ ಬಾಯಿ ಕತ್ತರಿಯನ್ನು ಹತ್ತು ನಿಮಿಷ ಕುದಿಸಿದರು, ಕೈಯನ್ನು ಮೂರು ಸಲ ತೊಳೆದರು, ಆದರೂ ರೂಮಿಗೆ ಹೋಗಿ ಅನ್ನ ಕಲಸುವುದಕ್ಕೆ ಮನಸ್ಸಾಗದೆ ಚಮಚದಲ್ಲಿ ತಿಂದರು.

ಆ ಹದಿನಾಲ್ಕು ದಿನ ದೊಡ್ಡ ತಯಾರಿ ನಡೆಯಿತು. ಸೋಫಾ ಬಂತು, ಕೆಂಪು ಹಾಸು ಬಂತು, ಸೊನ್ನೆಯ ಚಿತ್ರವನ್ನು ಬಾಗಿಲಿನಷ್ಟು ದೊಡ್ಡದಾಗಿ ಮುದ್ರಿಸಿ ತೂಗುಹಾಕಿದರು. ಖರ್ಚು ಕಡಿತದ ಖಾತೆಯಿಂದಲೇ ಖರ್ಚಾಯಿತು. ಬಾಯಿ ದಿನವೂ ನೆಲ ಒರೆಸುವ ನೆವದಲ್ಲಿ ಪರದೆಯ ಹಿಂದೆ ಹೋಗಿ ನೋಡುತ್ತಿದ್ದರು. ಐದನೇ ದಿನ ಹಳೆ ಭತ್ತದ ಎಲೆಯ ತುದಿ ನೀರು ತಾಗಿದ ಕಾಗದದಂತೆ ಬಣ್ಣ ಕೆಡಿಸಿಕೊಂಡಿತು. ಎಂಟನೇ ದಿನ ಅಂಚು ಅಲೆಅಲೆಯಾಗಿ ಹಳದಿ. ಬಾಯಿಗೆ ನೆನಪಾಯಿತು, ಅತ್ತೆ ನೇಜಿಯ ತುದಿ ಕತ್ತರಿಸಿ ನೆಟ್ಟ ವರ್ಷ ಬೈಲು ಗದ್ದೆಯೂ ಹೀಗೇ ಆಗಿತ್ತು. ಆಗ ಯಾರೋ ದೃಷ್ಟಿ ಹಾಕಿದ್ದಾರೆ ಎಂದು ಬೂದಿ ಎರಚಿದ್ದರು. ಪಕ್ಕದ ಆರು ಕುಂಡಗಳನ್ನು ನೋಡಲು ಅವರಿಗೆ ಭಯ. ಅವುಗಳ ತುದಿಯೂ ಒಂಚೂರು ಕಂದಿತ್ತು. ಇಷ್ಟರಲ್ಲೇ ನಿಲ್ಲುತ್ತದೆಯೋ, ಅದರ ಹಿಂದೆ ಓಡುತ್ತದೆಯೋ?

ಸೆಪ್ಟೆಂಬರ್ ಆರರಂದು ಬಾಯಿ ತಮ್ಮ ಮರದ ಅಡಿಕೋಲು ತಂದು ಅಳೆದರು. ಹಿತಾ ಬರೆದುಕೊಂಡಳು. ಹಳೆ ಭತ್ತ: ಹದಿನೇಳು, ಹದಿನೆಂಟೂವರೆ, ಇಪ್ಪತ್ತೊಂದು, ಹತ್ತೊಂಬತ್ತು, ಇಪ್ಪತ್ತು ಸೆಂಟಿಮೀಟರ್. ಹೊಸ ಭತ್ತದ ಮೂವತ್ತು ಎಲೆಗಳಲ್ಲಿ ಒಂದಕ್ಕಿಂತ ಕಡಿಮೆಯೂ ಇಲ್ಲ, ಎರಡಕ್ಕಿಂತ ಹೆಚ್ಚೂ ಇಲ್ಲ.

"ಆಂಟಿ! ನಿಂತಿದೆ! ಕೀ ತಿರುಗಿಲ್ಲ!" ಹಿತಾ ಅವರನ್ನು ತಬ್ಬಿಕೊಂಡಳು. "ಭತ್ತ ನಿಜವಾಗ್ಲೂ ಗೆದ್ದಿದೆ!"

ಬಾಯಿ ಅಳತೆಯನ್ನು ಇನ್ನೊಂದು ಸಲ ಮೊದಲಿನಿಂದ ತೆಗೆದರು.

ದೊರೆಸ್ವಾಮಿಯವರಿಗೆ ಇದು ಸಂತೋಷದ ಸುದ್ದಿಯಾಗಲಿಲ್ಲ. "ಒಂದೂವರೆ? ಸೊನ್ನೆ ಅಂತ ಇಷ್ಟು ದೊಡ್ಡ ಪಟ ಹಾಕಿದ್ದೀನಿ, ಈಗ ಒಂದೂವರೆ ಅಂತ ತರ್ತೀಯಾ?" ಏಳೂ ಕುಂಡಗಳು ಪರದೆಯ ಹಿಂದೆಯೇ ಉಳಿದವು. ಪರದೆಗೆ ಇನ್ನೊಂದು ಪರದೆ ಹಾಕಿಸಿದರು.

ಗುರುವಾರ ದೊಡ್ಡ ಅರ್ಬಾಬ್ ಬಂದರು. ಬಿಳಿ ದಿಶ್‌ದಾಶ ನಿಲುವಂಗಿ, ಕೈಯಲ್ಲಿ ಸಪೂರ ಕೋಲು. ಶೇಖ್ ಖಲ್ಫಾನ್, ವಿನಯ್, ದೊರೆಸ್ವಾಮಿ ಹಿಂದೆ. ಕಾಫಿ ಕೊಡುವ ಹುಡುಗನನ್ನು ಜೂನ್‌ನಲ್ಲೇ ಕಳಿಸಿದ್ದರಿಂದ ಖಾವಾದ ಹೂಜಿ, ಖರ್ಜೂರದ ತಟ್ಟೆ ಬಾಯಿಯ ಕೈಯಲ್ಲಿ. ಅರ್ಬಾಬರು ಯೌವನದಲ್ಲಿ ದೋಣಿಯಲ್ಲಿ ಬೊಂಬಾಯಿಗೆ ಖರ್ಜೂರ ಸಾಗಿಸಿದವರು, ಹಳೆಯ ಹಿಂದಿ ಚೆನ್ನಾಗಿ ಬರುತ್ತಿತ್ತು. ಅವರು ಸೋಫಾದಲ್ಲಿ ಕೂರಲಿಲ್ಲ. ಸೊನ್ನೆಯ ಪಟವನ್ನು ನೋಡಿ ಇದೇನು, ಕಿಟಕಿಯೇ ಎಂದು ಕೇಳಿದರು. ಸಾಲಿನ ಉದ್ದಕ್ಕೂ ನಡೆದು, ಎಲೆಗಳನ್ನು ಮುಟ್ಟಿ, ತಿರುಗಿ ನಿಂತರು.

"ಇವಕ್ಕೆಲ್ಲ ರೋಗ ಕೊಟ್ಟಿರಿ, ಬರಲಿಲ್ಲ, ಅಲ್ಲವೇ?"

"ಹೌದು ಅರ್ಬಾಬ್, ಸೊನ್ನೆ!" ಎಂದರು ದೊರೆಸ್ವಾಮಿ.

"ಒಳ್ಳೆಯದು. ಬಂದದ್ದನ್ನು ತೋರಿಸಿ."

"ಬಂದೇ ಇಲ್ಲ ಅರ್ಬಾಬ್."

"ಒಂದಕ್ಕಾದರೂ ಬರಬೇಕಲ್ಲ. ನನ್ನ ಒಂಟೆ ವೇಗವಾಗಿ ಓಡುತ್ತದೆ ಎಂದು ನಾನು ಹೇಳಿದರೆ, ಸೋತ ಒಂಟೆ ಯಾವುದು ಎಂದು ನೀನು ಕೇಳುವುದಿಲ್ಲವೇ?"

ವಿನಯ್ ಮುಂದೆ ಬಂದರು. "ಸೋಲುವವುಗಳನ್ನು ಖರ್ಚು ಉಳಿಸಲು ತೆಗೆದೆವು ಅರ್ಬಾಬ್."

ಮುದುಕರು ಮಗನ ಮುಖ ನೋಡಿದರು. ಶೇಖ್ ಖಲ್ಫಾನರು ಕೆಂಪು ಹಾಸನ್ನು ನೋಡಿದರು. ಅರ್ಬಾಬರು ಕೋಲನ್ನು ಬಾಗಿಲ ಕಡೆಗೆ ತಿರುಗಿಸಿದರು. ಅವರು ಹೊರಟರೆ ಗಾಜು ಬಿಚ್ಚಲು ಜನ ಬರುತ್ತಾರೆ.

ಹಿತಾ ಬಾಯಿಯನ್ನು ನೋಡಿ ಬೇಡ ಎಂಬಂತೆ ತಲೆ ಅಲ್ಲಾಡಿಸಿದಳು. ಬಾಯಿ ಖಾವಾದ ಹೂಜಿಯನ್ನು ಸೋಫಾದ ಮೇಲೆ ಇಟ್ಟರು, ಕಂಪೆನಿಯ ಹೊಸ ಸೋಫಾದ ಮೇಲೆ. ಎರಡು ಪರದೆ ಸರಿಸಿ, ಹಳೆ ಭತ್ತದ ಕುಂಡವನ್ನು ಎದೆಗೆ ಅವಚಿಕೊಂಡು ತಂದು ಅರ್ಬಾಬರ ಕಾಲ ಹತ್ತಿರ ಇಟ್ಟರು.

"ಸೋತದ್ದು ಇದು, ಬಾಬಾ," ಎಂದರು ಹಿಂದಿಯಲ್ಲಿ. "ನಾನು ಬಿಸಾಡಬೇಕಿತ್ತು, ಬಿಸಾಡಲಿಲ್ಲ. ಮತ್ತೆ ಆ ಸೊನ್ನೆ ಸುಳ್ಳು. ನಾನು ಕತ್ತರಿ ತೊಳೆದೆ. ರೋಗ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ತೊಳೆಯದೆ ಮಾಡಿದ್ದು ಆ ಮೂಲೆಯ ಆರು ಕುಂಡ. ಅದರಲ್ಲಿ ಒಂದರಿಂದ ಎರಡು ಸೆಂಟಿಮೀಟರ್. ಇದರಲ್ಲಿ ಹದಿನೇಳರಿಂದ ಇಪ್ಪತ್ತೊಂದು. ಇದು ಈ ಹುಡುಗಿ ಬರೆದದ್ದು, ನಾನು ಅಳೆದದ್ದು."

ಅರ್ಬಾಬರು ಕುಕ್ಕರಗಾಲಿನಲ್ಲಿ ಕೂತರು. ಒಣಗಿದ ಎಲೆಯನ್ನು ಬೆರಳಿನಲ್ಲಿ ಹೊಸಕಿದರು, ಪುಡಿಯಾಯಿತು. ಮೂಲೆಗೆ ಹೋಗಿ ಆರು ಕುಂಡದ ಎಲೆಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಎದ್ದು ಮಗನಿಗೆ ಅರಬಿಯಲ್ಲಿ ಹೇಳಿದ್ದು ನಾಲ್ಕೇ ಮಾತು. ಆಮೇಲೆ ಬಾಯಿಯ ಕಡೆ ತಿರುಗಿ, "ಖಾವಾ ಆರಿತು," ಎಂದು ನಕ್ಕರು.

ದೊರೆಸ್ವಾಮಿಯವರು ಆಗಲೇ ಹೇಳುತ್ತಿದ್ದರು: "ಇದೇ ಅರ್ಬಾಬ್, ನಮ್ಮ ಯೋಜನೆಯೇ ಇದು, ಕೊನೆಗೆ ತೋರಿಸೋಣ ಅಂತ ಪರದೆ ಹಾಕಿದ್ದೆವು."

ಗಿಡಮನೆ ಉಳಿಯಿತು. ಇನ್ನೂ ಮೂರು ವರ್ಷಕ್ಕೆ ಅಪ್ಪಣೆಯಾಯಿತು. ರೋಗ ಬರುವ ಗಿಡಗಳ ಇಪ್ಪತ್ತು ಕುಂಡಗಳನ್ನು ಮತ್ತೆ ಇಡಬೇಕೆಂದು ಸುತ್ತೋಲೆ ಬಂತು, ಅದಕ್ಕೆ ರುಜು ವಿನಯ್ ಅವರದ್ದೇ. ಅದೇ ಲಕೋಟೆಯಲ್ಲಿ ಬಾಯಿಗೆ ಒಂದು ಕಾಗದ. ಹಿತಾ ಓದಿ ಹೇಳಿದಳು. ಓದುವಾಗ ಎರಡು ಸಲ ನಿಲ್ಲಿಸಿದಳು. ಪ್ರಯೋಗದಲ್ಲಿ ಲೋಪವಾದದ್ದು ದಾಖಲಾಗಿರುವುದರಿಂದ ಅದಕ್ಕೆ ಕಾರಣರಾದ ಒಬ್ಬರನ್ನು ಬಿಡುಗಡೆ ಮಾಡುವುದು ನಿಯಮ. ಶ್ರೀಮತಿ ಕಾರ್ಮಿನ್ ಅವರ ಅಪಾರ ಸ್ವಚ್ಛತೆಯನ್ನು ಕಂಪೆನಿ ಮೆಚ್ಚಿಕೊಳ್ಳುತ್ತದೆ. ಅಕ್ಟೋಬರ್ ಆರರ ಟಿಕೇಟು ಲಗತ್ತಿಸಿದೆ.

"ನಾನು ಅರ್ಬಾಬ್ ಹತ್ರ ಹೋಗ್ತೀನಿ ಆಂಟಿ. ರುಜು ಹಾಕಲ್ಲ ನಾನು ಯಾವುದಕ್ಕೂ."

"ರುಜು ಹಾಕು ಮಗ. ಒಂದೂವರೆ ಅಂತ ಬರ್ದು ಹಾಕು. ಅಷ್ಟಕ್ಕೇ ಅಲ್ವಾ ಇಷ್ಟೆಲ್ಲ ಆದದ್ದು," ಎಂದರು ಬಾಯಿ. ಆಮೇಲೆ ಬಸಳೆ ಬಳ್ಳಿಗೆ ನೀರು ಹಾಕಲು ಹೋಗಿ, ಅಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತರು.

ಹೊರಡುವ ಹಿಂದಿನ ದಿನ ಜುಲಿಯಾನಾಳಿಗೆ ಫೋನು ಮಾಡಿದರು. ಕೊಗ್ಗ ಪಕ್ಕದಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ.

"ಬರ್ತಿಯಾ? ಒಳ್ಳೇದಾಯ್ತು," ಎಂದಳು ಜುಲಿಯಾನಾ. ವಯಸ್ಸಿನಲ್ಲಿ ಅವಳೂ ಮೆತ್ತಗಾಗಿದ್ದಳು. "ಹಬ್ಬಕ್ಕೆ ಸರಿಯಾಗಿ ಬರ್ತಿ. ನಾನು ಪಾದ್ರಿಯವರಿಗೆ ನಿನ್ನ ಹೆಸರು ಕೊಡ್ತೇನೆ, ಮೋಂಬತ್ತಿಗೆ. ಇಪ್ಪತ್ತೈದು ಆಯ್ತಲ್ಲ?"

"ಇಲ್ಲ."

"ಆದ ಹಾಗೇ ಅಲ್ವಾ ಅತ್ತಿಗೆ? ಅಲ್ಲಿ ಯಾರು ಪಾಸ್‌ಪೋರ್ಟ್ ನೋಡ್ತಾರೆ. ನಮ್ಮವರದ್ದೂ ಸರಿಯಾಗಿ ಇಪ್ಪತ್ತಮೂರೇ ಇತ್ತು, ಸುಮ್ಮನೆ ಹೇಳಿದ್ದು."

ಬಾಯಿ ಫೋನನ್ನು ಇನ್ನೊಂದು ಕಿವಿಗೆ ಹಿಡಿದರು. ಇಪ್ಪತ್ತಮೂರು ಎಂಬ ಮಾತು ಕಿವಿಯೊಳಗೆ ಹೋಗಿ ಕೂರುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

"ಇಪ್ಪತ್ತೆರಡು ವರ್ಷ ನಾಲ್ಕು ತಿಂಗಳು," ಎಂದರು. "ಪಾದ್ರಿಯವರಿಗೆ ಅಷ್ಟೇ ಹೇಳು. ಮೋಂಬತ್ತಿ ಬೇಡ."

ಫೋನು ಇಟ್ಟು, ಕೈಚೀಲದಿಂದ ಬಟ್ಟೆ ಸುತ್ತಿದ ಕತ್ತರಿ ತೆಗೆದು ಕೊಗ್ಗನಿಗೆ ಕೊಟ್ಟರು. ಮುಂದಿನ ಬೆಳೆಗೆ ಎಲೆ ಕತ್ತರಿಸುವವನು ಅವನೇ.

"ಅದ್ದಿದ ಮೇಲೆ ತೊಳಿಬೇಡ, ಗೊತ್ತಾಯ್ತಾ? ಎಲ್ಲಾ ಮುಗಿದ ಮೇಲೆ ತೊಳಿ."

"ಗೊತ್ತಾಯ್ತು ಬಾಯಮ್ಮ."

"ಹೇಗೆ ತೊಳಿತಿ?"

"ಡೆಟಾಲಲ್ಲಿ."

"ಹತ್ತು ನಿಮಿಷ ಕುದಿಸಿ, ಆಮೇಲೆ ಡೆಟಾಲು," ಎಂದರು ಕಾರ್ಮಿನ್ ಬಾಯಿ, ಮತ್ತು ಅವನು ಕಟ್ಟಿದ ಹಗ್ಗವನ್ನು ಬಿಚ್ಚಿ ತಾವೇ ಇನ್ನೊಂದು ಸಲ ಬಿಗಿದರು.